ಎಚ್‌ಪಿವಿ ಬಂದರೂ ದೇಹದ ಕಾವಲಿಗೆ ಯಾಕೆ ಗೊತ್ತಾಗುವುದಿಲ್ಲ?

ಅಕ್ಕನಿಗೆ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗಬಲ್ಲ ವೈರಸ್) ಪಾಸಿಟಿವ್ ಬಂದಿದೆ, ರೋಗನಿರೋಧಕ ಕೋಶಗಳು ಏನು ಮಾಡುತ್ತಿದ್ದವು, ಇದು ಗರ್ಭಕಂಠದ ಕ್ಯಾನ್ಸರ್ ಆಗುತ್ತಾ ಅಂತ ಕೇಳಿದ್ದೀರಿ. ನಾನು ಪೆಥಾಲಜಿ ಲ್ಯಾಬಿನಲ್ಲಿ ಬಯಾಪ್ಸಿ ಸ್ಲೈಡ್ ನೋಡುವವಳು. ಮೊದಲು ಅಕ್ಕನಿಗೆ ಧೈರ್ಯ ಹೇಳಿ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಈ ಸೋಂಕು 2 ವರ್ಷದೊಳಗೆ ತಾನಾಗಿಯೇ ಹೋಗುತ್ತದೆ.

ಉಳಿದವರಲ್ಲಿ ಏನಾಗುತ್ತದೆ ಅನ್ನುವುದಕ್ಕೆ ರಿಸೆಪ್ಟರ್‌ಗಳ ಕಥೆ ಬೇಕು. ರಿಸೆಪ್ಟರ್ ಅಂದರೆ ಎದುರಿಗೆ ಬಂದದ್ದು ನಮ್ಮದೋ ಹೊರಗಿನದೋ ಅಂತ ತಡವಿ ನೋಡುವ ಪ್ರೋಟೀನ್. ಟಿಎಲ್‌ಆರ್-9 ಅನ್ನುವ ರಿಸೆಪ್ಟರ್ ವೈರಸ್ಸಿನ ಡಿಎನ್‌ಎ ಗುರುತು ಹಿಡಿಯುತ್ತದೆ. ಎಚ್‌ಪಿವಿಯ ಟೈಪುಗಳಲ್ಲಿ ಒಂದಾದ ಎಚ್‌ಪಿವಿ-16ರ ಇ6, ಇ7 ಪ್ರೋಟೀನುಗಳು ಈ ರಿಸೆಪ್ಟರ್ ತಯಾರಾಗುವುದನ್ನೇ ತಗ್ಗಿಸಿಬಿಡುತ್ತವೆ. ಸೋಂಕು ತಗಲಿದ ಕೋಶಗಳನ್ನು ಕೊಲ್ಲುವ ಕಾವಲು ಕೋಶ ಟಿ ಕೋಶ. ಅದರ ರಿಸೆಪ್ಟರ್‌ಗೆ ವೈರಸ್ಸಿನ ತುಣುಕನ್ನು ಯಾರಾದರೂ ಎತ್ತಿ ತೋರಿಸಬೇಕು. ತೋರಿಸುವ ಎಚ್‌ಎಲ್‌ಎ ಪ್ರೋಟೀನನ್ನು ವೈರಸ್ಸಿನ ಇನ್ನೊಂದು ಪ್ರೋಟೀನ್ ಇ5 ಕೋಶದ ಒಳಗೇ ತಡೆದಿಡುತ್ತದೆ. ಸಾಲದ್ದಕ್ಕೆ ಈ ವೈರಸ್ ರಕ್ತಕ್ಕೆ ಇಳಿಯುವುದಿಲ್ಲ, ಕೋಶವನ್ನು ಒಡೆಯುವುದೂ ಇಲ್ಲ. ಮೇಲ್ಪದರದ ಕೋಶ ಉದುರುವಾಗ ಅದರ ಜೊತೆ ಸುಮ್ನೆ ಹೊರಬರುತ್ತದೆ. ಗಲಾಟೆಯೇ ಇಲ್ಲದಿದ್ದರೆ ಕಾವಲಿನವರು ಏಳುವುದು ಹೇಗೆ?

ಹಾಗಾಗಿ ಇದು ಅಕ್ಕನ ದೇಹದ ಸೋಲಲ್ಲ. ಆದರೆ ಕಾವಲು ನಿಜವಾಗಿ ಕುಗ್ಗಿದಾಗ ಅಪಾಯ ಜಾಸ್ತಿ. ಎಚ್‌ಐವಿ ಇರುವ ಹೆಂಗಸರಲ್ಲಿ ಈ ಕ್ಯಾನ್ಸರ್ ಸುಮಾರು 6 ಪಟ್ಟು ಹೆಚ್ಚು.

ಗಡ್ಡೆಯಾದ ಮೇಲೆ ಇನ್ನೊಂದು ರಿಸೆಪ್ಟರ್ ಮುಖ್ಯವಾಗುತ್ತದೆ, ಪಿಡಿ-1. ಇದು ಟಿ ಕೋಶದ ಬ್ರೇಕ್. ಆ ಬ್ರೇಕ್ ಒತ್ತುವ ಪಿಡಿ-ಎಲ್1 ಪ್ರೋಟೀನನ್ನು ಸ್ಲೈಡಿನಲ್ಲಿ ಬಣ್ಣ ಹಾಕಿ ನೋಡುತ್ತೇವೆ. ಕ್ಯಾನ್ಸರ್ ಕೋಶಗಳ ಅಂಚಿಗೆ ಕಂದು ಗೆರೆ ಕಟ್ಟಿರುತ್ತದೆ. ಪಕ್ಕದಲ್ಲೇ ಕಡು ನೀಲಿ ಚುಕ್ಕಿಗಳ ಹಾಗೆ ಲಿಂಫೋಸೈಟುಗಳು (ಟಿ ಕೋಶಗಳಂಥ ಕಾವಲು ಕೋಶಗಳು) ಗುಂಪುಗೂಡಿರುತ್ತವೆ. ಅಷ್ಟು ಹತ್ತಿರ ಬಂದೂ ಕೈ ಕಟ್ಟಿ ನಿಂತಿವೆಯಲ್ಲ ಅಂತ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಪೆಂಬ್ರೊಲಿಜುಮಾಬ್ ಔಷಧ ಬಿಡಿಸುವುದು ಈ ಬ್ರೇಕನ್ನೇ. ಬೇರೆ ಔಷಧ ಫಲಿಸದ ಗರ್ಭಕಂಠದ ಕ್ಯಾನ್ಸರಿಗೆ ಅಮೆರಿಕದಲ್ಲಿ 2018ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಎಲ್ಲರಿಗೂ ಕೆಲಸ ಮಾಡುವುದಿಲ್ಲ, ಅದೂ ನಿಜ.

ಅಕ್ಕನ ವಿಷಯ ಅಲ್ಲಿಯವರೆಗೆ ಹೋಗಬೇಕಿಲ್ಲ. ಕಾವಲು ಗಟ್ಟಿಯಿದ್ದರೆ ಸೋಂಕಿನಿಂದ ಕ್ಯಾನ್ಸರಿಗೆ ಸಾಮಾನ್ಯವಾಗಿ 15–20 ವರ್ಷ ಬೇಕು, ನಡುವೆ ಹಿಡಿಯಲು ಸಮಯವಿದೆ. ರಿಪೋರ್ಟಿನಲ್ಲಿ ಯಾವ ಟೈಪ್ ಅಂತ ನೋಡಿ. 16 ಅಥವಾ 18 ಇದ್ದರೆ ಡಾಕ್ಟರು ಕಾಲ್ಪೋಸ್ಕೋಪಿ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ) ಮಾಡಿಸಿ ಅನ್ನಬಹುದು, ಅದನ್ನು ಮುಂದೂಡಲು ಬಿಡಬೇಡಿ. ಜೊತೆಗೆ ನೀವೂ ಹೋಗಿ.