ಒಂದೇ ಔಷಧಕ್ಕೆ ಅಮೆರಿಕದಲ್ಲೊಂದು ಬೆಲೆ, ಭಾರತದಲ್ಲೊಂದು ಬೆಲೆ ಏಕೆ?

ಅಮೆರಿಕದಲ್ಲಿ ಬಹಳ ದುಬಾರಿಯಾದ ಔಷಧ ಭಾರತದಲ್ಲಿ ಅಗ್ಗವಾಗಿ ಸಿಗುತ್ತದೆಂದರೆ ಇಲ್ಲಿಯದು ಕಳಪೆಯೇ ಎಂದು ಕೇಳಿದ್ದೀರಿ. ಔಷಧದಂಗಡಿ ನಡೆಸುವ ನನ್ನನ್ನು, ಮಕ್ಕಳು ವಿದೇಶದಲ್ಲಿರುವ ಹಿರಿಯರು ಆಗಾಗ ಇದನ್ನೇ ಕೇಳುತ್ತಾರೆ. ಗುಣಮಟ್ಟದ ತಪಾಸಣೆ ನಮ್ಮಲ್ಲಿ ಇನ್ನೂ ಬಿಗಿಯಾಗಬೇಕೆಂಬುದು ನಿಜ. ಆದರೆ ಬೆಲೆಯ ಈ ಅಂತರಕ್ಕೆ ಮುಖ್ಯ ಕಾರಣ ಅದಲ್ಲ. ಅಮೆರಿಕದವರು ಬಳಸುವ ಜೆನೆರಿಕ್ ಮಾತ್ರೆಗಳಲ್ಲಿ, ಅಂದರೆ ಮೂಲ ಕಂಪನಿಯ ಪೇಟೆಂಟ್ (ತಯಾರಿಕೆಯ ಏಕಸ್ವಾಮ್ಯದ ಹಕ್ಕು) ಮುಗಿದ ಮೇಲೆ ಬೇರೆ ಕಂಪನಿಗಳು ತಯಾರಿಸುವ ಅದೇ ಔಷಧದ ಮಾತ್ರೆಗಳಲ್ಲಿ, ದೊಡ್ಡ ಪಾಲು ಭಾರತದ ಕಾರ್ಖಾನೆಗಳಿಂದಲೇ ಹೋಗುತ್ತದೆ.

ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಔಷಧವನ್ನು ತಯಾರಿಸುವ ವಿಧಾನಕ್ಕೆ ಪೇಟೆಂಟ್ ಸಿಗುತ್ತಿತ್ತೇ ಹೊರತು ಔಷಧಕ್ಕೇ ಸಿಗುತ್ತಿರಲಿಲ್ಲ; ಆದ್ದರಿಂದ ಬೇರೆ ವಿಧಾನ ಕಂಡುಕೊಂಡ ಹಲವು ಕಂಪನಿಗಳು ಅದೇ ಔಷಧವನ್ನು ಪೈಪೋಟಿಯಿಂದ ತಯಾರಿಸಿ ಬೆಲೆ ಇಳಿಸಿದವು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ತಕ್ಕಂತೆ 2005ರಲ್ಲಿ ಕಾಯ್ದೆ ಬದಲಾಗಿ ಔಷಧಕ್ಕೂ ಪೇಟೆಂಟ್ ಸಿಗುವಂತಾಯಿತಾದರೂ ಕಡ್ಡಾಯ ಪರವಾನಗಿಯ, ಅಂದರೆ ಪೇಟೆಂಟ್ ಪಡೆದವರ ಒಪ್ಪಿಗೆಯಿಲ್ಲದೆಯೂ ಆ ಔಷಧ ತಯಾರಿಸಲು ಬೇರೆ ಕಂಪನಿಗೆ ಸರ್ಕಾರ ಅನುಮತಿ ಕೊಡುವ ಅವಕಾಶ ಉಳಿಯಿತು. ಮೂತ್ರಪಿಂಡ ಹಾಗೂ ಯಕೃತ್ತಿನ ಕ್ಯಾನ್ಸರಿಗೆ ಕೊಡುವ ಬೇಯರ್ ಕಂಪನಿಯ ನೆಕ್ಸಾವಾರ್ ಮಾತ್ರೆಗೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಬೇಕಾಗುತ್ತಿತ್ತು. 2012ರಲ್ಲಿ ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಈ ಪರವಾನಗಿ ದೊರೆತ ಮೇಲೆ ಅದೇ ಔಷಧ 9,000 ರೂಪಾಯಿಗೂ ಕಡಿಮೆಗೆ ಬಂತು. ಮಾತ್ರೆ ಮಾಡುವ ಖರ್ಚಿಗೂ ಪೇಟೆಂಟ್ ಇರುವಾಗಿನ ಬೆಲೆಗೂ ಎಷ್ಟು ದೂರವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಹೊಸ ಔಷಧದ ಸಂಶೋಧನೆಗೆ ಹಣ ಬೇಕೆಂಬ ಕಂಪನಿಗಳ ವಾದವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಆ ಹೊರೆಯನ್ನು ರೋಗಿಯ ತಲೆಗೇ ಕಟ್ಟುವುದು ನ್ಯಾಯವಲ್ಲ.

ಅಮೆರಿಕದ ಕಥೆ ಚೌಕಾಸಿಯದು. ಬ್ರಿಟನ್ನಿನಲ್ಲಿ ಸರ್ಕಾರದ ಆರೋಗ್ಯ ಸೇವೆಯೇ ಇಡೀ ದೇಶದ ಪರವಾಗಿ ಬೆಲೆ ಮಾತಾಡುತ್ತದೆ; ಅಮೆರಿಕದಲ್ಲಾದರೋ ಹಿರಿಯರ ವಿಮೆಯಾದ ಮೆಡಿಕೇರ್ ಕಂಪನಿಗಳೊಡನೆ ಔಷಧದ ಬೆಲೆಯ ಮಾತುಕತೆ ನಡೆಸದಂತೆ 2003ರ ಕಾನೂನು ತಡೆದಿತ್ತು. 2022ರ ಕಾನೂನು ಆಯ್ದ ಕೆಲವು ಔಷಧಗಳಿಗೆ ಆ ತಡೆಯನ್ನು ತೆಗೆದು, ಮೆಡಿಕೇರ್ ಇರುವವರು ಇನ್ಸುಲಿನ್‌ಗೆ ತಿಂಗಳಿಗೆ ಕೊಡಬೇಕಾದ ಹಣಕ್ಕೆ 35 ಡಾಲರ್‌ಗಳ ಮಿತಿ ಹಾಕಿತು.

ಆದರೆ ಭಾರತದಲ್ಲಿ ಬೆಲೆ ಕಡಿಮೆಯೆಂದ ಮಾತ್ರಕ್ಕೆ ಇಲ್ಲಿಯ ರೋಗಿಗೆ ಭಾರ ಕಡಿಮೆಯೆಂದು ದಯವಿಟ್ಟು ತಿಳಿಯಬೇಡಿ. ಸ್ಕಾಟ್ಲೆಂಡಿನಲ್ಲಿ 2011ರಿಂದ ವೈದ್ಯರು ಬರೆದುಕೊಟ್ಟ ಔಷಧಕ್ಕೆ ರೋಗಿ ಹಣ ಕೊಡಬೇಕಾಗಿಲ್ಲ. ನಮ್ಮಲ್ಲಿ ಹೊರರೋಗಿಯ ಔಷಧವನ್ನು ಹೆಚ್ಚಿನ ವಿಮೆಗಳು ಭರಿಸುವುದಿಲ್ಲವಾದ್ದರಿಂದ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಬದುಕಿಡೀ ಮಾತ್ರೆ ನುಂಗಬೇಕಾದ ದಿನಗೂಲಿಯವರು ತಿಂಗಳ ಚೀಟಿ ತಂದು ಹತ್ತು ದಿನಕ್ಕಾಗುವಷ್ಟನ್ನೇ ಕೊಂಡು ಹೋಗುತ್ತಾರೆ.