ಕರೆಂಟ್ ಅಕೌಂಟ್‌ನಿಂದ ಬ್ಯಾಂಕ್ ಕಟ್ ಮಾಡಿದ ಚಾರ್ಜು ವಾಪಸ್ ಬರುತ್ತದಾ?

ಯಾದಗಿರಿಯಲ್ಲಿ ಸಣ್ಣ ಕಿರಾಣಿ ಅಂಗಡಿ ಇದೆ, ಕರೆಂಟ್ ಅಕೌಂಟ್‌ನಿಂದ ತಿಂಗಳು ತಿಂಗಳು ಏನೇನೋ ಚಾರ್ಜು ಕಟ್ ಆಗುತ್ತಿದೆ, ಬ್ರಾಂಚ್‌ನಲ್ಲಿ ಕೇಳಿದರೆ "ಸಿಸ್ಟಮ್ ತಾನೇ ಕಟ್ ಮಾಡುತ್ತದೆ, ನಮ್ಮ ಕೈಯಲ್ಲಿಲ್ಲ" ಅನ್ನುತ್ತಾರೆ, ಆ ಹಣ ವಾಪಸ್ ತರಿಸಬಹುದಾ ಅಂತ ಕೇಳಿದ್ದೀರಿ. ತರಿಸಬಹುದು. ಆದರೆ ಎಲ್ಲವೂ ಬರಲ್ಲ. ತಪ್ಪಾಗಿ ಹಾಕಿದ ಚಾರ್ಜು ಬೇರೆ, ನಮಗೆ ಜಾಸ್ತಿ ಅನಿಸುವ ಚಾರ್ಜು ಬೇರೆ. ಮೊದಲನೆಯದು ಬರುತ್ತದೆ. ಎರಡನೆಯದು ಮ್ಯಾನೇಜರ್ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾನು ಕಲಬುರಗಿಯ ನೆಹರು ಗಂಜ್ ಹತ್ತಿರ ಗೋಣಿಚೀಲ, ತಾಡಪತ್ರಿ, ಹಗ್ಗ ಮಾರುವವನು. ತೊಗರಿ ರಾಶಿ ಬಂದಾಗ ಅಕೌಂಟ್‌ನಲ್ಲಿ ಹಣ ಆಡುತ್ತದೆ, ಮಳೆಗಾಲದಲ್ಲಿ ತಳ ಕಾಣುತ್ತದೆ. ನಮ್ಮ ಭಾಗದ ಸಣ್ಣ ವ್ಯಾಪಾರಿಗಳ ಪಾಡು ಹೆಚ್ಚು ಕಡಿಮೆ ಇದೇ. ಬ್ಯಾಂಕಿನ ಮಿನಿಮಮ್ ಬ್ಯಾಲೆನ್ಸ್ ಮಾತ್ರ ಹನ್ನೆರಡು ತಿಂಗಳೂ ಒಂದೇ. ಅಲ್ಲೇ ನಮಗೆ ಪೆಟ್ಟು ಬೀಳುವುದು.

ಮೊದಲು ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆಯಿರಿ. ನೀವು ಮಾಡದ ಪ್ರತಿಯೊಂದು ಡೆಬಿಟ್‌ಗೂ ಗುರುತು ಹಾಕಿ. ಮಿನಿಮಮ್ ಬ್ಯಾಲೆನ್ಸ್, ಎಸ್‌ಎಂಎಸ್, ನಗದು ಜಮಾ ಚಾರ್ಜು, ಚೆಕ್ ರಿಟರ್ನ್, ಕಾರ್ಡ್ ಮಷಿನ್ ಬಾಡಿಗೆ, ಅದರ ಮೇಲೆ 18% ಜಿಎಸ್‌ಟಿ. ಆಮೇಲೆ ನಿಮ್ಮ ಬ್ಯಾಂಕಿನ ವೆಬ್‌ಸೈಟ್‌ನಲ್ಲಿ ನಿಮ್ಮ ಅಕೌಂಟ್ ಯಾವ ಬಗೆಯದೋ ಅದರ ಸರ್ವಿಸ್ ಚಾರ್ಜು ಪಟ್ಟಿ ತೆಗೆದು ಒಂದೊಂದೇ ಸಾಲನ್ನು ಪಕ್ಕದಲ್ಲಿಟ್ಟು ನೋಡಿ. ಪಟ್ಟಿಯಲ್ಲಿ ಇಲ್ಲದ್ದು, ಪಟ್ಟಿಗಿಂತ ಹೆಚ್ಚು ಕಟ್ ಆದದ್ದು, ಎರಡು ಸಲ ಕಟ್ ಆದದ್ದು ಇವು ನಿಮ್ಮ ಹಕ್ಕಿನ ಹಣ.

ಇಲ್ಲಿ ಒಂದು ವಿಷಯ ತಿಳಿದಿರಲಿ. ಮಿನಿಮಮ್ ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ತಿಳಿಸಬೇಕು, ಸರಿಮಾಡಲು ಒಂದು ತಿಂಗಳು ಕೊಡಬೇಕು, ಈ ಚಾರ್ಜಿನಿಂದಲೇ ಬ್ಯಾಲೆನ್ಸ್ ಮೈನಸ್‌ಗೆ ಹೋಗಬಾರದು ಅಂತ ಆರ್‌ಬಿಐ ನಿಯಮ ಇದೆ. 2015ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ವಾಟ್ಸಾಪ್‌ನಲ್ಲಿ ಎಲ್ಲರೂ ಇದನ್ನೇ ಕಳಿಸುತ್ತಿರುತ್ತಾರೆ. ಆದರೆ ಅದು ಉಳಿತಾಯ ಖಾತೆಗೆ ಮಾತ್ರ. ಕರೆಂಟ್ ಅಕೌಂಟ್ ಇಟ್ಟುಕೊಂಡು ಆ ನಿಯಮ ಬರೆದರೆ ಬ್ಯಾಂಕಿನವರು ಒಂದೇ ಸಾಲಿನಲ್ಲಿ ಅರ್ಜಿ ತಳ್ಳಿಹಾಕುತ್ತಾರೆ. ನಮಗೆ ಆಧಾರ ಅಂದರೆ ಬ್ಯಾಂಕಿನದೇ ಪಟ್ಟಿ ಮತ್ತು ಅವರು ನಮಗೆ ಹೇಳಿದ್ದಾರಾ ಇಲ್ಲವಾ ಅನ್ನೋದು.

ಲೆಕ್ಕವನ್ನೂ ನೀವೇ ಮಾಡಿ ನೋಡಿ. ತಿಂಗಳ ಸರಾಸರಿ ಅಂದರೆ ಪ್ರತಿ ದಿನ ಮುಗಿಯುವಾಗ ಇದ್ದ ಬ್ಯಾಲೆನ್ಸ್‌ಗಳನ್ನೆಲ್ಲ ಕೂಡಿಸಿ ದಿನಗಳಿಂದ ಭಾಗಿಸುವುದು. 10,000 ಸರಾಸರಿ ಬೇಕು ಅಂದುಕೊಳ್ಳಿ. 30 ದಿನದ ತಿಂಗಳಲ್ಲಿ ಎರಡು ರಾತ್ರಿ 1,50,000 ಇತ್ತು, ಉಳಿದ ದಿನ ಸೊನ್ನೆ ಇದ್ದರೂ ಸರಾಸರಿ 10,000 ಆಯಿತು. ಕೆಲವು ಅಕೌಂಟ್‌ಗೆ ಮೂರು ತಿಂಗಳ ಸರಾಸರಿ ಇರುತ್ತದೆ, ಅದನ್ನೂ ಪಟ್ಟಿಯಲ್ಲೇ ಹೇಳಿರುತ್ತಾರೆ. ಅಡತಿಯಿಂದ ದೊಡ್ಡ ಮೊತ್ತ ಬಂದು ಎರಡು ದಿನ ನಿಂತಿದ್ದರೆ ಈ ಲೆಕ್ಕ ಮಾಡದೆ ಬಿಡಬೇಡಿ.

ಕರೆಂಟ್ ಅಕೌಂಟ್‌ಗೂ ಹಿಡಿದು ಕೇಳಬಹುದಾದ ನಿಯಮಗಳಿವೆ. ಎರಡು ವರ್ಷ ವ್ಯವಹಾರ ಇಲ್ಲದೆ ನಿಷ್ಕ್ರಿಯ ಅಂತ ಗುರುತಾದ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕುವಂತಿಲ್ಲ, ಮತ್ತೆ ಚಾಲೂ ಮಾಡಲು ಹಣ ಕೇಳುವಂತಿಲ್ಲ. 2024ರ ಏಪ್ರಿಲ್ 1ರಿಂದ ಜಾರಿಯಾದ ಆರ್‌ಬಿಐ ಸೂಚನೆ ಇದು. ಎಸ್‌ಎಂಎಸ್ ಚಾರ್ಜು ನಿಜವಾಗಿ ಬಳಸಿದ್ದಕ್ಕೆ ತಕ್ಕಂತೆ ಇರಬೇಕು ಅಂತ 2013ರಲ್ಲೇ ಹೇಳಿದೆ. ಗಿರಾಕಿ ತನ್ನ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಅಥವಾ ರುಪೇ ಡೆಬಿಟ್ ಕಾರ್ಡ್ ಉಜ್ಜಿದರೆ 2020ರ ಜನವರಿ 1ರಿಂದ ಅಂಗಡಿಯವರಿಗೆ ಎಂಡಿಆರ್, ಅಂದರೆ ಪ್ರತಿ ಪೇಮೆಂಟ್‌ನಲ್ಲಿ ಬ್ಯಾಂಕ್ ಹಿಡಿದುಕೊಳ್ಳುವ ಕಮಿಷನ್, ಇಲ್ಲ. ಸೌಂಡ್‌ಬಾಕ್ಸ್ ಬಾಡಿಗೆ ಬೇರೆ ವಿಷಯ, ಅದಕ್ಕೆ ನೀವು ಒಪ್ಪಿ ಸಹಿ ಮಾಡಿರುತ್ತೀರಿ. ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ ಇದ್ದರೆ ಇನ್ನೊಂದು: ಕಂತು ತಪ್ಪಿದ್ದಕ್ಕೆ ಬಡ್ಡಿ ದರವನ್ನೇ ಏರಿಸಿ ದಂಡದ ಬಡ್ಡಿ ಹಾಕುವುದನ್ನು ಆರ್‌ಬಿಐ 2023ರ ಆಗಸ್ಟ್ ಸುತ್ತೋಲೆಯಲ್ಲಿ ನಿಲ್ಲಿಸಿದೆ. ದಂಡ ಹಾಕಬಹುದು, ಆದರೆ ಚಾರ್ಜಾಗಿ ಹಾಕಬೇಕು, ಅದರ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ.

ನನ್ನದು ಕಾರ್ಡ್ ಉಜ್ಜುವ ಮಷಿನ್ ವಿಷಯ. ಮಷಿನ್ ವಾಪಸ್ ಕೊಟ್ಟ ಮೇಲೂ ಬಾಡಿಗೆ ಕಟ್ ಆಗುತ್ತಲೇ ಇತ್ತು. ಬಾಡಿಗೆ ಕಟ್ ಆಗಿ ಬ್ಯಾಲೆನ್ಸ್ ಇಳಿಯಿತು, ಇಳಿದಿದ್ದಕ್ಕೆ ಮಿನಿಮಮ್ ಬ್ಯಾಲೆನ್ಸ್ ದಂಡ ಬಿತ್ತು, ಎರಡರ ಮೇಲೂ ಜಿಎಸ್‌ಟಿ. ಬ್ರಾಂಚ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಏನೂ ಆಗಲಿಲ್ಲ. ಮಷಿನ್ ಒಯ್ದ ಹುಡುಗ ಕೊಟ್ಟ ರಸೀದಿ ನನ್ನ ಹತ್ತಿರ ಇತ್ತು. ಅದರ ಫೋಟೋ ಹಾಕಿ, ತಾರೀಕು ಮತ್ತು ಮೊತ್ತ ಬರೆದು ಮೇಲ್ ಮಾಡಿದ ಮೇಲೆ ಬಾಡಿಗೆ ವಾಪಸ್ ಬಂತು. ಜಿಎಸ್‌ಟಿ ಬಂದಿರಲಿಲ್ಲ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಚಾರ್ಜು ರದ್ದಾದರೆ ಅದರ ಮೇಲಿನ ತೆರಿಗೆಯೂ ಹೋಗಬೇಕು, ಅಲ್ವಾ? ಮತ್ತೆ ಬರೆದು ಅದನ್ನೂ, ತಪ್ಪು ಬಾಡಿಗೆಯಿಂದಲೇ ಹುಟ್ಟಿದ ದಂಡವನ್ನೂ ತರಿಸಿದೆ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿ ಆ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ, ಅಂದರೆ ನೀವು ಕಟ್ಟುವ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಂಡಿದ್ದರೆ, ವಾಪಸ್ ಬಂದಷ್ಟನ್ನು ರಿವರ್ಸ್ ಮಾಡಲು ನಿಮ್ಮ ಅಕೌಂಟೆಂಟ್‌ಗೆ ಹೇಳಿ. ಹಣಕಾಸು ವರ್ಷ ಮುಗಿದು ಬರುವ ನವೆಂಬರ್ 30ರ ಒಳಗೆ ಬ್ಯಾಂಕ್ ಕ್ರೆಡಿಟ್ ನೋಟ್ (ಚಾರ್ಜು ರದ್ದಾಯಿತು ಅನ್ನುವ ಚೀಟಿ) ಕೊಟ್ಟರಷ್ಟೇ ತೆರಿಗೆಯ ಲೆಕ್ಕ ಸರಿಹೋಗುತ್ತದೆ. ಅದಕ್ಕೇ ಹಳೆಯ ಚಾರ್ಜನ್ನು ಕೂಡಿಡುತ್ತಾ ಕೂರಬೇಡಿ.

ಪತ್ರದಲ್ಲಿ ಸಿಟ್ಟು ಬೇಡ, ಕಷ್ಟದ ಕಥೆಯೂ ಬೇಡ. ಹೀಗೆ ಬರೆಯಿರಿ: "ನನ್ನ ಖಾತೆಯಿಂದ ಕೆಳಗಿನ ತಾರೀಕುಗಳಲ್ಲಿ ಈ ಮೊತ್ತಗಳು ಕಟ್ ಆಗಿವೆ. ಪ್ರತಿಯೊಂದನ್ನೂ ನಿಮ್ಮ ಚಾರ್ಜು ಪಟ್ಟಿಯ ಯಾವ ಸಾಲಿನ ಪ್ರಕಾರ ಕಟ್ ಮಾಡಿದ್ದೀರಿ, ಈ ದರವನ್ನು ನನಗೆ ಯಾವಾಗ ತಿಳಿಸಿದ್ದೀರಿ ಎಂದು ಬರೆದು ತಿಳಿಸಿ. ಆಧಾರ ಇಲ್ಲದವನ್ನು ಜಿಎಸ್‌ಟಿ ಸಮೇತ ಖಾತೆಗೆ ಜಮಾ ಮಾಡಿ." ಕನ್ನಡದಲ್ಲೇ ಬರೆಯಿರಿ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಮೇಲ್ ಆದರೆ ದೂರಿನ ನಂಬರ್ ಬರಬೇಕು. "ಸಿಸ್ಟಮ್ ಕಟ್ ಮಾಡಿತು" ಅನ್ನೋದು ಬಾಯಲ್ಲಿ ಹೇಳಬಹುದಾದ ಮಾತು, ಬ್ಯಾಂಕಿನ ಲೆಟರ್‌ಹೆಡ್ ಮೇಲೆ ಯಾರೂ ಹಾಗೆ ಬರೆದು ಕೊಡಲ್ಲ. ಬರವಣಿಗೆಯ ಬಲ ಅದೇ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕ್ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಿ. ದೂರುಗಳಿಗೇ ಇರುವ ಆರ್‌ಬಿಐನ ಸಿಎಂಎಸ್ ವೆಬ್‌ಸೈಟ್‌ನಲ್ಲಿ ಕೊಡಬಹುದು, ಬಿಟ್ಟಿ. 14448ಕ್ಕೆ ಫೋನ್ ಮಾಡಿದರೆ ಹೇಗೆ ಕೊಡಬೇಕು ಅಂತ ಹೇಳುತ್ತಾರೆ. ಬ್ಯಾಂಕಿಗೆ ಬರೆಯದೆ ನೇರ ಅಲ್ಲಿಗೆ ಹೋದರೆ ದೂರು ನಿಲ್ಲಲ್ಲ. ನಿಮ್ಮ ಪರವಾಗಿ ವಕೀಲರು ಅಲ್ಲಿ ದೂರು ಕೊಡುವಂತಿಲ್ಲ. ಹೀಗಿರುವಾಗ "ನಾನು ತರಿಸಿಕೊಡುತ್ತೇನೆ, ಇಷ್ಟು ಪರ್ಸೆಂಟ್ ಕೊಡಿ" ಅನ್ನುವವರಿಗೆ ದಯವಿಟ್ಟು ಒಂದು ರೂಪಾಯಿಯೂ ಕೊಡಬೇಡಿ. ಓಟಿಪಿ, ಪಾಸ್‌ಬುಕ್ ಅಂತೂ ಕೊಡಲೇಬೇಡಿ.

ನಮ್ಮ ಕಡೆಯ ಗ್ರಾಮೀಣ ಬ್ಯಾಂಕ್ ಕೂಡ ಓಂಬುಡ್ಸ್‌ಮನ್ ವ್ಯಾಪ್ತಿಗೆ ಬರುತ್ತದೆ. ಪತ್ತಿನ ಸಹಕಾರಿ ಸಂಘದಲ್ಲಿ ಖಾತೆ ಇದ್ದರೆ ಬರಲ್ಲ, ಅದಕ್ಕೆ ಸಹಕಾರ ಇಲಾಖೆಗೇ ಹೋಗಬೇಕು. ಮತ್ತೆ, ದರವೇ ಜಾಸ್ತಿ ಆಯಿತು ಅಂತ ಓಂಬುಡ್ಸ್‌ಮನ್ ಹತ್ತಿರ ಹೋದರೆ, ಅದು ಬ್ಯಾಂಕಿನ ವ್ಯವಹಾರದ ತೀರ್ಮಾನ ಅಂತ ಬಿಡುತ್ತಾರೆ. ಮೇಲೆ ತಪ್ಪು ಮತ್ತು ಜಾಸ್ತಿ ಬೇರೆ ಅಂದದ್ದು ಅದಕ್ಕೇ.

ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯೂ ಇದೆ. ಆದರೆ 2019ರ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರಲ್ಲ. ಹೊಟ್ಟೆಪಾಡಿಗೆ ಸ್ವಂತ ದುಡಿಮೆಯಿಂದ ಅಂಗಡಿ ನಡೆಸುವವರಿಗೆ ವಿನಾಯಿತಿ ಇದೆ. ನೀವು ಆ ಸಾಲಿಗೆ ಸೇರುತ್ತೀರಿ ಅಂತ ತೋರಿಸಬೇಕಾಗುತ್ತದೆ. ಸಣ್ಣ ಮೊತ್ತಕ್ಕೆ ಓಂಬುಡ್ಸ್‌ಮನ್ನೇ ಸುಲಭ.

ಇನ್ನು ಸಿಟ್ಟಿನಲ್ಲಿ ಅಕೌಂಟ್ ಖಾಲಿ ಮಾಡಿ ಸುಮ್ನೆ ಬಿಟ್ಟುಬಿಡಬೇಡಿ. ಎಷ್ಟೋ ಬ್ಯಾಂಕುಗಳಲ್ಲಿ ಚಾರ್ಜು ಬಾಕಿ ಅಂತ ನಿಲ್ಲುತ್ತದೆ, ಮುಂದೆ ಯಾರಾದರೂ ಆ ಖಾತೆಗೆ ಯುಪಿಐ ಮಾಡಿದ ಕೂಡಲೇ ಅಷ್ಟೂ ಹೋಗುತ್ತದೆ. ಬೇಡ ಅಂದರೆ ಬರೆದು ಕೊಟ್ಟು ಕ್ಲೋಸ್ ಮಾಡಿಸಿ. ಬೇಕು ಅಂದರೆ ಕಡಿಮೆ ಮಿನಿಮಮ್ ಬ್ಯಾಲೆನ್ಸ್ ಇರುವ ಬಗೆಗೆ ಬದಲಾಯಿಸಿ ಅಂತ ಅದೇ ಪತ್ರದ ಕೊನೆಯಲ್ಲಿ ಕೇಳಿ.