ಓದುಗರ ಪ್ರಶ್ನೆ: ಟೆವ್ಯೆ ದೊಡ್ಡವನಾ, ಟೆವ್ಯೆನ ಆಡಿಸಿದವನು ದೊಡ್ಡವನಾ?

ಹೋದ ಸಲ ‘ಫಿಡ್ಲರ್ ಆನ್ ದಿ ರೂಫ್’ ಅನ್ನೋ ಬ್ರಾಡ್‌ವೇ ಮ್ಯೂಸಿಕಲ್ (ಅಂದ್ರೆ ನ್ಯೂಯಾರ್ಕಿನ ದೊಡ್ಡ ಥಿಯೇಟರುಗಳಲ್ಲಿ ಆಡೋ ಹಾಡು-ಕುಣಿತದ ನಾಟಕ) ಬಗ್ಗೆ ಸುಮ್ನೆ ಒಂದೆರಡು ಸಾಲು ಬರ್ದಿದ್ದೆ, ಅಷ್ಟಕ್ಕೇ ಇಷ್ಟೊಂದು ಜನ ನಾಟಕದ ಹುಚ್ಚರು ಎದ್ದು ಬರ್ತೀರಿ ಅಂದ್ಕೊಂಡಿರ್ಲಿಲ್ಲ. ಹಂಗಾಗಿ ಈ ಸಲ ಸಿನಿಮಾ, ಕ್ರಿಕೆಟ್ ಪ್ರಶ್ನೆಗಳಿಗೆಲ್ಲ ರಜೆ. ಗೊತ್ತಿಲ್ದೋರಿಗೆ ಕಥೆ ಇಷ್ಟು: 1905ರ ಹೊತ್ತಿನ ರಷ್ಯಾ, ಅನಟೆವ್ಕ ಅಂತ ಒಂದು ಹಳ್ಳಿ, ಅಲ್ಲಿ ಟೆವ್ಯೆ ಅನ್ನೋ ಹಾಲು ಮಾರೋ ಬಡ ಯಹೂದಿ, ಐದು ಹೆಣ್ಮಕ್ಕಳು, ಮೊದಲ ಮೂವರು ಒಬ್ಬೊಬ್ರಾಗಿ ತಮ್ಮ ಗಂಡನ್ನ ತಾವೇ ಹುಡುಕ್ಕೋತಾರೆ, ಕೊನೆಗೆ ಸರ್ಕಾರ ಊರಿಗೆ ಊರನ್ನೇ ಖಾಲಿ ಮಾಡ್ಸುತ್ತೆ. ಶೊಲೆಮ್ ಅಲೈಖೆಮ್ ಅನ್ನೋ ಲೇಖಕ ಯಹೂದಿಗಳ ಯಿಡ್ಡಿಷ್ ಭಾಷೇಲಿ ಬರೆದ ಕಥೆಗಳಿಂದ ಮಾಡಿದ್ದು. 1964ರ ಸೆಪ್ಟೆಂಬರ್ 22ಕ್ಕೆ ನ್ಯೂಯಾರ್ಕಿನಲ್ಲಿ ಶುರುವಾಗಿ 3,242 ಶೋ ಓಡ್ತು.

ಪ್ರಶ್ನೆ: ನಮ್ಮ ತಂಡದ ವಾಟ್ಸಾಪ್ ಗ್ರೂಪಲ್ಲಿ ದಿನಾ ಇದೇ ಜಗಳ ಸರ್. ಟೆವ್ಯೆ ಪಾತ್ರ ಮಾಡಿದ ಜೀರೋ ಮಾಸ್ಟೆಲ್ ಇಲ್ದಿದ್ರೆ ನಾಟಕಾನೇ ಇಲ್ಲ ಅಂತ ಅರ್ಧ ಜನ, ಎಲ್ಲಾ ಡೈರೆಕ್ಟರ್ ಜೆರೋಮ್ ರಾಬಿನ್ಸ್ ತಲೆ ಅಂತ ಇನ್ನರ್ಧ ಜನ. ನೀವು ಯಾರ ಕಡೆ? (ಧಾರವಾಡ)

ಉತ್ತರ: ಮಾಸ್ಟೆಲ್ ಕಡೆಯೋರು ಬೈಬೇಡಿ, ನಾನು ಕೂದಲೆಳೆಯಷ್ಟು ರಾಬಿನ್ಸ್ ಕಡೆ. ಯಾಕೆ ಅಂದ್ರೆ ಒಂದು ಪ್ರಶ್ನೆ. ರಿಹರ್ಸಲ್ ಶುರುವಾಗೋಕೆ ಎಷ್ಟೋ ತಿಂಗಳು ಮುಂಚೆ ನಾಟಕ ಬರೆದ ಜೋಸೆಫ್ ಸ್ಟೈನ್, ಸಂಗೀತದ ಜೆರ್ರಿ ಬಾಕ್, ಹಾಡು ಬರೆದ ಶೆಲ್ಡನ್ ಹಾರ್ನಿಕ್ ಇವರನ್ನೆಲ್ಲ ಕೂರಿಸ್ಕೊಂಡು ರಾಬಿನ್ಸ್ ಕೇಳ್ತಿದ್ದಿದ್ದು ಒಂದೇ, ಈ ನಾಟಕ ಯಾವುದರ ಬಗ್ಗೆ? ಅವ್ರು, ಇದೇನಪ್ಪಾ ಇಷ್ಟು ಗೊತ್ತಿಲ್ವಾ, ಹಾಲಿನವನು ಮತ್ತೆ ಅವನ ಹೆಣ್ಮಕ್ಕಳ ಮದುವೆ ಬಗ್ಗೆ ಅಂತ ಹೇಳೋರು. ಈತ ಒಪ್ತಿರ್ಲಿಲ್ಲ. ಮುಂದಿನ ಮೀಟಿಂಗಲ್ಲೂ ಅದೇ ಕೇಳೋದು, ಅದರ ಮುಂದಿನದ್ರಲ್ಲೂ ಅದೇ, ಎಲ್ರಿಗೂ ತಲೆ ಚಿಟ್ಟು ಹಿಡಿಯೋ ತನಕ. ಕೊನೆಗೆ ಯಾರೋ ಒಬ್ರ ಬಾಯಲ್ಲಿ, ಒಂದು ಸಂಪ್ರದಾಯ ಕಣ್ಮುಂದೇನೇ ಕುಸಿದು ಹೋಗೋದ್ರ ಬಗ್ಗೆ ಅಲ್ವಾ ಅಂತ ಬಂತು. ಹಾಂ, ಹಂಗಾದ್ರೆ ನಾಟಕ ಶುರುವಾಗೋದೇ ಅದರ ಹಾಡಿಂದ, ಬರೀರಿ ಅಂದ. ಆಮೇಲೆ ಆ ಒಂದು ಉತ್ತರ ಇಡ್ಕೊಂಡೇ ಸ್ಟೇಜ್ ತುಂಬಿಸಿದ. ಮೊದಲ ಹಾಡಲ್ಲಿ ಊರವರೆಲ್ಲ ಸಾಲಾಗಿ ಬಂದು ವೃತ್ತ ಕಟ್ತಾರೆ, ಅಪ್ಪಂದಿರು, ಅಮ್ಮಂದಿರು, ಗಂಡುಮಕ್ಕಳು, ಹೆಣ್ಮಕ್ಕಳು, ಒಬ್ಬೊಬ್ಬರ ಜಾಗ ಎಲ್ಲಿ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಕೊನೇ ದೃಶ್ಯದಲ್ಲಿ ಅದೇ ವೃತ್ತ ಬಿಚ್ಕೊಂಡು ಒಬ್ಬೊಬ್ರು ಒಂದೊಂದು ದಿಕ್ಕಿಗೆ ಹೋಗ್ತಾರೆ. ಭಾಷಣ ಏನೂ ಬೇಕಾಗಲ್ಲ. ನಮ್ಮಲ್ಲಿ ಎಷ್ಟು ತಂಡಗಳು ಈ ಪ್ರಶ್ನೆ ಕೇಳದೇನೇ ಲೈಟಿಂಗ್ ಚರ್ಚೆಗೆ ಇಳಿದುಬಿಡ್ತಾವೆ ಹೇಳಿ.

ಇದು ಆತನಿಗೆ ಹೊಸದೇನಲ್ಲ. 1962ರಲ್ಲಿ ಇದೇ ಮಾಸ್ಟೆಲ್ ಇದ್ದ ಇನ್ನೊಂದು ಕಾಮಿಡಿ ಮ್ಯೂಸಿಕಲ್ ಬ್ರಾಡ್‌ವೇಗೆ ಬರೋ ಮುಂಚೆ ವಾಷಿಂಗ್ಟನ್‌ನಲ್ಲಿ ಮುಳುಗ್ತಾ ಇತ್ತು. ರಿಪೇರಿಗೆ ಅಂತ ರಾಬಿನ್ಸ್‌ನ ಕರೆಸಿದ್ರು. ಆತ ನೋಡಿ, ಇದು ನಗೋ ನಾಟಕ ಅಂತ ಮೊದಲ ಹಾಡು ಹೇಳ್ತಾನೇ ಇಲ್ಲವಲ್ಲ, ಅದನ್ನ ಬದಲಾಯಿಸಿ ಅಂದ. ಸ್ಟೀಫನ್ ಸಾಂಡ್‌ಹೈಮ್ ಹೊಸ ಹಾಡು ಬರ್ದು ಕೊಟ್ರು, ಅದುವರೆಗೂ ಗುಂ ಅಂತ ಕೂತಿರ್ತಿದ್ದ ಜನ ನಗೋಕೆ ಶುರು ಮಾಡಿದ್ರು.

ಪ್ರಶ್ನೆ: ಮಾಸ್ಟೆಲ್‌ಗೂ ರಾಬಿನ್ಸ್‌ಗೂ ಎಣ್ಣೆ ಸೀಗೆಕಾಯಿ ಅಂತ ಓದಿದೆ. ಅಷ್ಟು ದ್ವೇಷ ಯಾಕೆ? (ಶಿವಮೊಗ್ಗ)

ಉತ್ತರ: ಇಗೋ ಜಗಳ ಅಲ್ಲಾರೀ ಅದು. ಅಮೆರಿಕದಲ್ಲಿ ಆಗ ಕಮ್ಯುನಿಸ್ಟರನ್ನ ಹುಡುಕಿ ಹುಡುಕಿ ವಿಚಾರಣೆ ಮಾಡ್ತಿದ್ದ ಕಾಲ. 1953ರಲ್ಲಿ ರಾಬಿನ್ಸ್ ಸಂಸತ್ ಸಮಿತಿ ಮುಂದೆ ಕೂತು ತನ್ನ ಜೊತೆಗಾರರ ಹೆಸರು ಹೇಳಿಬಿಟ್ಟ. ಮಾಸ್ಟೆಲ್‌ನ 1955ರಲ್ಲಿ ಕರೆದ್ರು, ಆತ ಬೇರೆಯವರ ಹೆಸರು ಬಾಯಿ ಬಿಡಲಿಲ್ಲ, ಸಿನಿಮಾ ಟೀವಿ ಕೆಲಸ ವರ್ಷಗಟ್ಟಲೆ ಇಲ್ದಂಗಾಯ್ತು. ಮೇಲೆ ಹೇಳಿದ 1962ರ ನಾಟಕದಲ್ಲಿ ಮಾಸ್ಟೆಲ್ ಗೆಳೆಯ ಜ್ಯಾಕ್ ಗಿಲ್‌ಫೋರ್ಡ್ ಕೂಡ ಇದ್ದ, ರಾಬಿನ್ಸ್ ಹೇಳಿದ ಹೆಸರುಗಳಲ್ಲಿ ಅವನ ಹೆಂಡತಿದೂ ಒಂದು! ಆದ್ರೂ ರಾಬಿನ್ಸ್ ಬೇಡ ಅಂತ ಮಾಸ್ಟೆಲ್ ಹೇಳಲಿಲ್ಲ, ನಮ್ಮ ಕಡೆಯೋರು ಯಾರ ಕೆಲಸಾನೂ ಕಿತ್ಕೊಳ್ಳಲ್ಲ ಅನ್ನೋ ಅರ್ಥದಲ್ಲಿ ಒಪ್ಪಿದ, ಜೊತೇಲಿ ಊಟ ಮಾತ್ರ ಮಾಡಲ್ಲ ಅನ್ನೋ ತರ. ನನಗಂತೂ ಆತನ ಯಾವ ನಟನೆಗಿಂತ ಇದೇ ದೊಡ್ಡದಾಗಿ ಕಾಣ್ಸುತ್ತೆ.

‘ಫಿಡ್ಲರ್’ ರಿಹರ್ಸಲ್‌ದು ಒಂದು ಪ್ರಸಂಗ ಇದೆ, ರಂಗಭೂಮಿಯೋರು ಇವತ್ತಿಗೂ ಹೇಳ್ಕೊಳ್ತಾರೆ. ಯಹೂದಿಗಳ ಮನೆ ಬಾಗಿಲ ಚೌಕಟ್ಟಿಗೆ ಮೆಜುಜಾ ಅಂತ ಪುಟ್ಟ ಡಬ್ಬಿ ಹೊಡೆದಿರ್ತಾರೆ, ಒಳಗೆ ಧರ್ಮಗ್ರಂಥದ ಸಾಲು, ಹೋಗ್ತಾ ಬರ್ತಾ ಅದನ್ನ ಮುಟ್ಟಿ ಬೆರಳಿಗೆ ಮುತ್ತಿಡೋದು ಪದ್ಧತಿ. ಮಾಸ್ಟೆಲ್ ಟೆವ್ಯೆ ಆಗಿ ಒಳಗೆ ಬರುವಾಗ ಹಂಗೇ ಮಾಡಿದ. ಬೇಡ, ತೆಗೀರಿ ಅಂದ ರಾಬಿನ್ಸ್. ಮತ್ತೆ ಮಾಡಿದ. ಮತ್ತೆ ಬೇಡ ಅಂದ. ಮುಂದಿನ ಸಲ ಮಾಸ್ಟೆಲ್ ಬಾಗಿಲ ಹತ್ರ ಬಂದು ಕ್ರಿಶ್ಚಿಯನ್ನರ ತರ ಎದೆ ಮೇಲೆ ಶಿಲುಬೆ ಗುರುತು ಮಾಡ್ಕೊಂಡ. ರಾಬಿನ್ಸ್ ಸೋತ, ಮುತ್ತು ನಾಟಕದಲ್ಲಿ ಉಳೀತು. ಸಂಪ್ರದಾಯದ ಬಗ್ಗೆ ನಾಟಕ ಅಂತ ಕಂಡುಹಿಡಿದವನಿಗೇ ನಟ ಸಂಪ್ರದಾಯದ ಪಾಠ ಹೇಳ್ದಂಗಾಯ್ತು ನೋಡಿ.

ಪ್ರಶ್ನೆ: ಮದುವೆ ಸೀನಲ್ಲಿ ತಲೆ ಮೇಲೆ ಬಾಟ್ಲಿ ಇಟ್ಕೊಂಡು ಕುಣೀತಾರಲ್ಲ, ಒಳಗೆ ಮ್ಯಾಗ್ನೆಟ್ ಇರುತ್ತಾ? (ಉಡುಪಿ)

ಉತ್ತರ: ಇಲ್ಲ ಮಾರಾಯ್ರೆ, ಬರೀ ಬ್ಯಾಲೆನ್ಸು. ರಾಬಿನ್ಸ್ ಕಟ್ಟಿದ ನೃತ್ಯದಲ್ಲಿ ಟೋಪಿ ಮೇಲೆ ಬಾಟ್ಲಿ ನಿಜವಾಗ್ಲೂ ನಿಲ್ಲಬೇಕು, ಬಿದ್ರೆ ಬಿತ್ತು. ಆ ಭಯ ನೋಡೋರಿಗೂ ಇರುತ್ತೆ, ಮಜಾ ಇರೋದೇ ಅಲ್ಲಿ. ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿಗಳ ಮದುವೆಗಳಿಗೆ ರಾಬಿನ್ಸ್ ಹೋಗಿ ಕೂತು ನೋಡ್ತಿದ್ದ, ಅಂಥ ಒಂದ್ ಮದುವೇಲಿ ಒಬ್ಬ ತಲೆ ಮೇಲೆ ಬಾಟ್ಲಿ ಇಟ್ಕೊಂಡು ಕುಡುಕನ ತರ ತೂರಾಡ್ತಾ ಜನರನ್ನ ನಗಿಸ್ತಿದ್ದನಂತೆ, ಅದನ್ನೇ ಸಾಲು ಕಟ್ಟಿದ ಗಂಡಸರ ಕುಣಿತ ಮಾಡ್ದ.

ಪ್ರಶ್ನೆ: ನಾನು ರಂಗಭೂಮಿ ವಿದ್ಯಾರ್ಥಿನಿ. ಮಾಸ್ಟೆಲ್ ನಟನೇಲಿ ಅಂಥದ್ದೇನಿತ್ತು, ಬರೀ ದಪ್ಪ ಮನುಷ್ಯನ ಕಾಮಿಡಿ ಅಲ್ವಾ ಮೇಡಂ? (ಮೈಸೂರು)

ಉತ್ತರ: ಮೇಡಂ ಅಲ್ಲ, ಸರ್, ಇರ್ಲಿ ಬಿಡಮ್ಮ. 1964ರ ಹಾಡುಗಳ ರೆಕಾರ್ಡಿಂಗ್ ಹಾಕ್ಕೊಂಡು ಟೆವ್ಯೆ ತಾನು ಶ್ರೀಮಂತ ಆಗಿದ್ರೆ ಏನೇನು ಮಾಡ್ತಿದ್ದೆ ಅಂತ ಕನಸು ಕಾಣೋ ಹಾಡು ಕೇಳು. ಮಧ್ಯ ಮಧ್ಯ ಅರ್ಥ ಇಲ್ಲದ ಶಬ್ದಗಳು ಬರುತ್ತಲ್ಲ, ಅವು ಯಹೂದಿ ಭಜನೆ ಹಾಡೋರ ರೀತಿಯವು. ಅಲ್ಲಿ ಆತ ಬಾತುಕೋಳಿ, ಹುಂಜ ಎಲ್ಲಾ ಗಂಟಲಲ್ಲೇ ತಂದುಬಿಡ್ತಾನೆ, ಇದು ನೀನು ಹೇಳೋ ಕಾಮಿಡಿ. ಕೊನೇ ಚರಣಕ್ಕೆ ಬಾ. ದುಡ್ಡಿದ್ರೆ ದುಡಿಯೋ ಕೆಲಸ ಇರಲ್ಲ, ದೇವಸ್ಥಾನದಲ್ಲಿ ಕೂತು ಪ್ರಾರ್ಥನೆ ಮಾಡಬಹುದು, ತಿಳಿದೋರ ಜೊತೆ ಶಾಸ್ತ್ರ ಓದಬಹುದು ಅಂತಾನೆ, ದನಿ ಇದ್ದಕ್ಕಿದ್ದಂಗೆ ಇಳಿಯುತ್ತೆ. ಈ ಚರಣ ಗಂಭೀರ ಆಯ್ತು ಅಂತ ಬರೆದೋರೇ ತೆಗೆಯೋಕೆ ಹೊರಟಿದ್ರು, ಕೂಡದು, ಈ ಮನುಷ್ಯ ಯಾರು ಅಂತ ಹೇಳೋದೇ ಈ ಸಾಲುಗಳು ಅಂತ ಹಠ ಹಿಡಿದು ಉಳಿಸಿದ್ದು ಮಾಸ್ಟೆಲ್. 1960ರಲ್ಲಿ ಬಸ್ಸಿಗೆ ಸಿಕ್ಕಿ ಆತನ ಎಡಗಾಲು ನಜ್ಜುಗುಜ್ಜಾಗಿತ್ತು, ಅದೇ ಕಾಲಲ್ಲಿ ಹಾಲಿನ ಗಾಡಿ ಎಳೀತಾ ಬರ್ತಿದ್ದ.

ಕೆಟ್ಟ ಮಗ್ಗುಲೂ ಇದೆ. ಶೋ ಹಿಟ್ ಆಗಿ ಡೈರೆಕ್ಟರ್ ಕಣ್ಣು ತಪ್ಪಿದ್ಮೇಲೆ ತನಗಿಷ್ಟ ಬಂದಿದ್ದೆಲ್ಲ ಸೇರಿಸ್ತಾ ಹೋದ, ನಗು ಸಿಕ್ಕಿದ ಕಡೆ ಇನ್ನೂ ಎಳೆಯೋದು, ಬರೆದೋರಿಗೆ ಹೊಟ್ಟೆ ಉರಿ. ಒಂದು ವರ್ಷ ತುಂಬೋ ಮುಂಚೆ ಬಿಟ್ಟ. ಆತ ಹೋದ್ಮೇಲೆ ಬೇರೆ ಬೇರೆ ಟೆವ್ಯೆಗಳ ಜೊತೆ ನಾಟಕ ವರ್ಷಗಟ್ಟಲೆ ಓಡ್ತು, ಧಾರವಾಡದ ಗ್ರೂಪಿಗೆ ಇದನ್ನೂ ಫಾರ್ವರ್ಡ್ ಮಾಡಿ.

ಪ್ರಶ್ನೆ: ರಾಬಿನ್ಸ್ ನಟರನ್ನ ಅಳಿಸ್ತಿದ್ದನಂತೆ. ಒಳ್ಳೆ ನಾಟಕ ಬರೋದಾದ್ರೆ ಅದನ್ನ ಸಹಿಸ್ಕೋಬೇಕಾ? (ಬೆಂಗಳೂರು)

ಉತ್ತರ: ಬೇಡ. ಆತನ ಬಾಯಿಗೆ ಹೆದರದ ಡ್ಯಾನ್ಸರ್ ಇರ್ಲಿಲ್ಲ, ನಿಜ. ಆದ್ರೆ ಆ ನಾಟಕಗಳಲ್ಲಿ ಉಳ್ಕೊಂಡಿರೋದು ಬೈಗುಳ ಅಲ್ಲ, ಹೋಂವರ್ಕ್. 1957ರಲ್ಲಿ ಆತ ಆಡಿಸಿದ ‘ವೆಸ್ಟ್ ಸೈಡ್ ಸ್ಟೋರಿ’ ಮ್ಯೂಸಿಕಲ್‌ನಲ್ಲಿ ಹೊಡೆದಾಡೋ ಎರಡು ಗ್ಯಾಂಗುಗಳ ಪಾತ್ರ ಮಾಡೋರನ್ನ ರಿಹರ್ಸಲ್ ಪೂರ್ತಿ ಬೇರೆ ಬೇರೆ ಇಟ್ಟಿದ್ದ, ಬೆರೆಯೋಕೆ ಬಿಡ್ಲಿಲ್ಲ, ಸ್ಟೇಜ್ ಮೇಲೆ ಎದುರಾದಾಗ ಆ ಬಿಗುವು ತಾನಾಗೇ ಬರ್ತಿತ್ತು. ರಾಬಿನ್ಸ್ ಆರು ವರ್ಷದವನಿದ್ದಾಗ ಅಮ್ಮನ ಜೊತೆ ಆಗಿನ ಪೋಲೆಂಡಿನ ರೊಝಾಂಕ ಅನ್ನೋ ಪೂರ್ವಿಕರ ಹಳ್ಳಿಗೆ ಹೋಗಿದ್ದ, ಆಮೇಲೆ ಎರಡನೇ ಮಹಾಯುದ್ಧದಲ್ಲಿ ಅಂಥ ಹಳ್ಳಿಗಳ ಯಹೂದಿ ಬದುಕು ಪೂರ್ತಿ ನಾಶ ಆಯ್ತು. ಅನಟೆವ್ಕದ ಬಗ್ಗೆ ಆತನಿಗಿದ್ದ ಹಠ ಅಲ್ಲಿಂದ ಬಂದಿದ್ದು ಅಂತ ನನ್ನ ಲೆಕ್ಕ. ನಮ್ಮ ಬಿ.ವಿ. ಕಾರಂತರು ಕಲ್ಲು, ಬಿದಿರು, ಕೈಗೆ ಸಿಕ್ಕಿದ್ದರಲ್ಲೆಲ್ಲ ಸಂಗೀತ ಹುಡುಕ್ತಾ ನಟರನ್ನ ಹಾಡೋಕೆ ಹಚ್ತಿದ್ರು, ಹಂಗೂ ಮಾಡಬಹುದಲ್ವಾ.

ಪ್ರಶ್ನೆ: ಕನ್ನಡದಲ್ಲಿ ಇದು ಬಂದಿದ್ಯಾ? (ಕುಮಟಾ)

ಉತ್ತರ: ನಿಮ್ಮ ಕಡೆಯವರೇ ಮಾಡಿದ್ದಾರಲ್ರೀ! ಗೋಕರ್ಣದ ಜಯಂತ ಕಾಯ್ಕಿಣಿ ಅವರ ‘ಜೊತೆಗಿರುವನು ಚಂದಿರ’ ಇದರದ್ದೇ ರೂಪಾಂತರ. ಅಲ್ಲಿ ಯಹೂದಿ ಮನೆ ಬದಲು ಒಂದು ಮುಸ್ಲಿಂ ಸಂಸಾರ, ಮಗಳ ಮದುವೆ, ಊರು ಬಿಡೋ ಸಂಕಟ ಎಲ್ಲಾ ನಮ್ಮ ಮಣ್ಣಿಗೆ ಸರಿಯಾಗಿ ಕೂತಿದೆ. ನಿಮ್ಮೂರ ಹತ್ರ ಆಡಿದ್ರೆ ತಪ್ಪಿಸ್ಕೋಬೇಡಿ.

ಪ್ರಶ್ನೆ: ಸಿನಿಮಾದಲ್ಲಿರೋದು ಮಾಸ್ಟೆಲ್ ಅಲ್ಲವಂತಲ್ಲ? ಹಂಗಾದ್ರೆ ಆತನ್ನ ನೋಡೋದು ಎಲ್ಲಿ? (ದುಬೈ)

ಉತ್ತರ: ಹೌದು, 1971ರ ಸಿನಿಮಾದಲ್ಲಿರೋದು ಇಸ್ರೇಲಿನ ಟೋಪೋಲ್. 1967ರಲ್ಲಿ ಲಂಡನ್ ಸ್ಟೇಜ್ ಮೇಲೆ ಟೆವ್ಯೆ ಆದಾಗ ಆತನಿಗೆ ಇನ್ನೂ 31, ಆಮೇಲೆ ಜೀವಮಾನದಲ್ಲಿ 3,500ಕ್ಕೂ ಹೆಚ್ಚು ಸಲ ಅದೇ ಪಾತ್ರ ಮಾಡ್ದ. ಡೈರೆಕ್ಟರ್ ನಾರ್ಮನ್ ಜ್ಯೂಯಿಸನ್‌ಗೆ ಬೇಕಿದ್ದಿದ್ದು ಮಣ್ಣಲ್ಲಿ ನಡೆಯೋ ರೈತನಂಥ ಮನುಷ್ಯ, ಮಾಸ್ಟೆಲ್ ಕ್ಯಾಮೆರಾ ಮುಂದೆ ತುಂಬಾ ಜಾಸ್ತಿ ಆಗ್ತಾನೆ ಅನ್ನಿಸಿರಬೇಕು. ಮಾಸ್ಟೆಲ್‌ಗೆ ಅದು ಕೊನೇವರೆಗೂ ನೋವೇ. ಟೆವ್ಯೆ ಆಗಿ ಆತನ್ನ ಕೇಳೋಕೆ 1964ರ ರೆಕಾರ್ಡಿಂಗ್ ಇದೆ, ಮುಖ ನೋಡ್ಬೇಕು ಅಂದ್ರೆ 1967ರ ‘ದಿ ಪ್ರೊಡ್ಯೂಸರ್ಸ್’ ಸಿನಿಮಾ ಹಾಕ್ಕೊಳ್ಳಿ, ಅಲ್ಲಿ ಆತನ್ನ ಹಿಡಿಯೋರೇ ಇಲ್ಲ.